ಬಲೆ ಎಳೆದ ಕೈಗೆ ಬಾಸ್ಟನ್ ಬಂದರಿನ ಗಾಳ

ಪ್ರಶ್ನೆ: ನನ್ನ ತಂದೆ ಮಲ್ಪೆಯಲ್ಲಿ ಮೂವತ್ತು ವರ್ಷ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತಿ ಎಳೆಯುವ ಪರ್ಸೀನ್ ಬೋಟುಗಳಲ್ಲಿ ದುಡಿದವರು. ಕೊನೆಯ ಹತ್ತು ವರ್ಷ ತಂಡೇಲರಾಗಿ, ಅಂದರೆ ಬೋಟಿನ ಮುಖ್ಯಸ್ಥರಾಗಿ ಇದ್ದರು. ಈಗ ಅವರಿಗೆ 67 ವರ್ಷ. ಜೂನ್‌ನಲ್ಲಿ ಬಾಸ್ಟನ್ ಹತ್ತಿರದ ಬರ್ಲಿಂಗ್ಟನ್‌ನಲ್ಲಿರುವ ನಮ್ಮ ಮನೆಗೆ ಬಂದರು. ಎರಡು ವಾರ ಕಳೆಯುವಷ್ಟರಲ್ಲಿ ಕಿಟಕಿಯ ಬಳಿ ಕುಳಿತು ಗಾಳಿಯ ದಿಕ್ಕು ನೋಡತೊಡಗಿದ್ದಾರೆ. ಅವರನ್ನು ಒಮ್ಮೆ ಕಡಲಿಗೆ ಕರೆದುಕೊಂಡು ಹೋಗಬೇಕು. ಸ್ಟ್ರೈಪ್ಡ್ ಬಾಸ್ ಮತ್ತು ಬ್ಲೂಫಿಶ್ ಹಿಡಿಸುವ ಬಾಡಿಗೆ ದೋಣಿಗಳು ಬಾಸ್ಟನ್ ಬಂದರಿನಿಂದ ಹೊರಡುತ್ತವೆಂದು ತಿಳಿಯಿತು. ಜುಲೈ ಎರಡನೆಯ ವಾರ ಹೋದರೆ ಹೇಗೆ? ದೋಣಿಯನ್ನು ಹೇಗೆ ಆರಿಸುವುದು? ನಾವಿಬ್ಬರು, ಒಂಬತ್ತು ವರ್ಷದ ಮಗ, ತಂದೆ, ಒಟ್ಟು ನಾಲ್ವರು. ಹಿಡಿದ ಮೀನು ಮನೆಗೆ ತರಬಹುದೇ? ಟನ್‌ಗಟ್ಟಲೆ ಬಂಗುಡೆ ಎಳೆದವರಿಗೆ ಒಂದು ಕೋಲು ಹಿಡಿದು ಕೂರುವುದು ಬೇಸರವಾಗುವುದಿಲ್ಲವೇ?

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಜುಲೈ ಎರಡನೆಯ ವಾರ ಒಳ್ಳೆಯ ಕಾಲ. ಆ ಹೊತ್ತಿಗೆ ಎರಡೂ ಜಾತಿಯ ಮೀನುಗಳು ಬಂದರಿನ ಸುತ್ತಮುತ್ತ ಇರುತ್ತವೆ. ನಸುಕಿಗೆ ಹೊರಡುವ ಅರ್ಧ ದಿನದ ದೋಣಿ ಗೊತ್ತುಮಾಡಿ. ನಾಲ್ಕೈದು ಗಂಟೆ ಸಾಕು. ಆದರೆ ಹಣ ಕಟ್ಟುವ ಮೊದಲೇ ಒಂದು ಮಾತನ್ನು ತಂದೆಯವರಿಗೆ ಮನೆಯಲ್ಲಿ ಕೂರಿಸಿಕೊಂಡು ಹೇಳಿಬಿಡಿ. ಸ್ಟ್ರೈಪ್ಡ್ ಬಾಸ್ ತಲೆಗೆ ಒಂದೇ ಮನೆಗೆ ಬರುವುದು, ಅದೂ 28 ಇಂಚಿಗೆ ಕಡಿಮೆಯಿರಬಾರದು, 31 ಇಂಚು ಮುಟ್ಟಿರಬಾರದು. ಚಿಕ್ಕದನ್ನು ಬಿಡಬೇಕು ಎಂದರೆ ಯಾವ ಮೀನುಗಾರನಿಗೂ ಅರ್ಥವಾಗುತ್ತದೆ. ದೊಡ್ಡದನ್ನೂ ಬಿಡಬೇಕು ಎಂಬುದು ದೋಣಿಯ ಮೇಲೆ, ಮೀನು ಕಾಲ ಬುಡದಲ್ಲಿ ಒದ್ದಾಡುತ್ತಿರುವಾಗ ಮೊದಲ ಸಲ ಕಿವಿಗೆ ಬಿದ್ದರೆ ಅವರಿಗೆ ಅದು ಅವಮಾನದಂತೆ ಕಾಣಬಹುದು. ಇದಕ್ಕೆ ಕಾರಣವೇನೆಂದು ಮುಂದೆ ಬರೆಯುತ್ತೇನೆ. ಅವರು ಒಪ್ಪುವ ಕಾರಣವೇ ಅದು.

ಮೊದಲು ಈ ಮೀನುಗಳ ಪರಿಚಯ ಮಾಡಿಕೊಡುತ್ತೇನೆ. ಸ್ಟ್ರೈಪ್ಡ್ ಬಾಸನ್ನು ಇಲ್ಲಿಯವರು ಸ್ಟ್ರೈಪರ್ ಎನ್ನುತ್ತಾರೆ. ಬೆಳ್ಳಿ ಮೈ, ಪಕ್ಕೆಯುದ್ದಕ್ಕೂ ಏಳೆಂಟು ಕಪ್ಪು ಗೆರೆ, ರೂಲು ಹಿಡಿದು ಎಳೆದಂತೆ. ಇದು ಬಾಸ್ಟನ್ನಿನಲ್ಲಿ ಹುಟ್ಟುವ ಮೀನಲ್ಲ. ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು, ಹಡ್ಸನ್ ಮತ್ತು ಡೆಲವೇರ್ ನದಿಗಳು ಇದರ ತವರು. ವಸಂತದಲ್ಲಿ ಸಿಹಿನೀರಿಗೆ ಏರಿ ಮೊಟ್ಟೆಯಿಟ್ಟು, ಆಮೇಲೆ ತೀರವನ್ನು ಹಿಡಿದು ಉತ್ತರಕ್ಕೆ ಹೊರಡುತ್ತದೆ. ಮೇ ತಿಂಗಳಲ್ಲಿ ಬಾಸ್ಟನ್ ತಲುಪಿ, ಅಕ್ಟೋಬರ್ ಕಳೆಯುತ್ತಿದ್ದಂತೆ ದಕ್ಷಿಣಕ್ಕೆ ಮರಳುತ್ತದೆ. ಮೂವತ್ತು ವರ್ಷದವರೆಗೂ ಬದುಕಬಲ್ಲದು. 2011ರಲ್ಲಿ ಕನೆಕ್ಟಿಕಟ್ ತೀರದಲ್ಲಿ ಗಾಳಕ್ಕೆ ಬಿದ್ದ ಒಂದು ಸ್ಟ್ರೈಪರ್ 37 ಕಿಲೋ ತೂಗಿತ್ತು. ಗಾಳದ ಮೀನುಗಾರಿಕೆಯಲ್ಲಿ ಅದೇ ದಾಖಲೆ. ಬ್ಲೂಫಿಶ್‌ನ ಸ್ವಭಾವ ಬೇರೆ. ಬೆನ್ನು ನೀಲಿ-ಹಸಿರು, ದವಡೆ ಗರಗಸ. ಬೆಚ್ಚಗಿನ ನೀರನ್ನು ಹುಡುಕಿಕೊಂಡು ಬರುವುದರಿಂದ ಬಾಸ್ಟನ್ನಿಗೆ ಸ್ಟ್ರೈಪರ್‌ಗಿಂತ ತಡವಾಗಿ ಮುಟ್ಟುತ್ತದೆ. ಒಂದು ವರ್ಷ ಹಿಂಡುಹಿಂಡಾಗಿ ಬಂದರೆ ಇನ್ನೊಂದು ವರ್ಷ ಮುಖವನ್ನೇ ತೋರಿಸುವುದಿಲ್ಲ. ಆದ್ದರಿಂದ ‘ಬ್ಲೂಫಿಶ್ ಗ್ಯಾರಂಟಿ’ ಎನ್ನುವ ದೋಣಿಯವರನ್ನು ನಾನು ನಂಬುವುದಿಲ್ಲ.

ಬೇಸರವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಇಲ್ಲಿನ ನೀರು ಅವರಿಗೆ ಬೇಸರವಾಗಲು ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತದ ಅಂತರ ಒಂದೂವರೆ ಮೀಟರ್ ಆಸುಪಾಸು. ಬಾಸ್ಟನ್ನಿನಲ್ಲಿ ಸುಮಾರು ಮೂರು ಮೀಟರ್. ಒಂದಾಳು ಮುಳುಗಿ ಮೇಲೆ ಇನ್ನೂ ಎರಡು ಮೂರು ಮೊಳ ಉಳಿಯುವಷ್ಟು ನೀರು ಸುಮಾರು ಆರು ಗಂಟೆ ಬಂದರಿನೊಳಗೆ ನುಗ್ಗುತ್ತದೆ, ಮುಂದಿನ ಆರು ಗಂಟೆ ಹೊರಗೋಡುತ್ತದೆ. ಆ ನೀರಿಗೆ ದಾರಿ ಎಲ್ಲಿ? ಮೂವತ್ತಕ್ಕೂ ಹೆಚ್ಚು ದ್ವೀಪ-ದಿಣ್ಣೆಗಳ ಸಂದುಗಳಲ್ಲಿ. ಪೆಡಕ್ಸ್ ದ್ವೀಪಕ್ಕೂ ಹಲ್ ಪಟ್ಟಣದ ತುದಿಗೂ ನಡುವೆ ಹಲ್ ಗಟ್ ಎಂಬ ಕಿರಿದಾದ ಕಂಡಿಯಿದೆ. ಇಳಿತ ಜೋರಾಗಿರುವಾಗ ಅಲ್ಲಿ ನೀರು ಮಳೆಗಾಲದ ಹೊಳೆಯ ಹಾಗೆ ಸುಳಿ ಹಾಕಿಕೊಂಡು ಓಡುತ್ತದೆ. ಓಡುವ ನೀರಿಗೂ ನಿಂತ ನೀರಿಗೂ ನಡುವೆ ಒಂದು ಗೆರೆ ಬೀಳುತ್ತದೆ. ಅದರ ಮೇಲೆ ನೊರೆ, ಪಾಚಿಯ ಎಳೆ, ಒಂದೊಂದು ಗರಿ. ಸ್ಟ್ರೈಪರ್ ನಿಂತ ನೀರಿನ ಕಡೆ ಇದ್ದುಕೊಂಡು ಓಟಕ್ಕೆ ಮುಖವೊಡ್ಡಿ ಕಾಯುತ್ತದೆ. ಓಟಕ್ಕೆ ಸಿಕ್ಕಿ ದಿಕ್ಕು ತಪ್ಪಿ ಬರುವ ಸಣ್ಣ ಮೀನೇ ಅದರ ಊಟ. ಅಳಿವೆಬಾಗಿಲಿನಲ್ಲಿ ಬದುಕು ಕಳೆದವರಿಗೆ ಈ ಗೆರೆಯನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಕ್ಯಾಪ್ಟನ್ ದೋಣಿಯನ್ನು ತಿರುಗಿಸುವ ಮೊದಲೇ ನಿಮ್ಮ ತಂದೆಯವರ ಕಣ್ಣು ಅಲ್ಲಿ ನೆಟ್ಟಿರುತ್ತದೆ.

ನೀರು ನಡೆಯುತ್ತಿರಬೇಕು, ಅಷ್ಟೇ. ಉಬ್ಬರವೋ ಇಳಿತವೋ ಎಂಬುದು ಆಯಾ ಜಾಗವನ್ನು ಅವಲಂಬಿಸಿರುತ್ತದೆ. ನೀರು ನಿಂತ ಅರ್ಧ ಗಂಟೆಯಲ್ಲಿ ಮೀನೂ ನಿಲ್ಲುತ್ತದೆ. ಆಗ ತಿಂಡಿ ತಿನ್ನಿ, ಚಹಾ ಕುಡಿಯಿರಿ. ಇನ್ನೊಂದು ಲೆಕ್ಕ ಬೆಳಕಿನದು. ಜುಲೈಯಲ್ಲಿ ಸೂರ್ಯ ಐದೂಕಾಲಿನ ಸುಮಾರಿಗೆ ಹುಟ್ಟುತ್ತಾನೆ. ಅದರ ಹಿಂದು-ಮುಂದಿನ ಒಂದು ಗಂಟೆ ಇಡೀ ದಿನದಲ್ಲಿ ಶ್ರೇಷ್ಠ. ಬಿಸಿಲು ಏರಿದ ಮೇಲೆ ದೊಡ್ಡ ಸ್ಟ್ರೈಪರ್‌ಗಳು ತಣ್ಣನೆಯ ಆಳಕ್ಕೆ, ಹೊರಗಿನ ಬ್ರೂಸ್ಟರ್ ದ್ವೀಪಗಳ ಬಂಡೆಗಳ ಬುಡಕ್ಕೆ ಇಳಿಯುತ್ತವೆ.

ಈಗ ದೋಣಿಯ ವಿಚಾರ. ಎರಡು ಬಗೆಯ ದೋಣಿಗಳಿವೆ. ಒಂದು, ತಲೆಗಿಷ್ಟು ಎಂದು ಹಣ ಪಡೆದು ಹತ್ತಾರು ಜನರನ್ನು ಹತ್ತಿಸಿಕೊಳ್ಳುವ ದೊಡ್ಡ ದೋಣಿ. ಅಗ್ಗ, ಆದರೆ ಸಾಲಾಗಿ ನಿಂತು ಪಕ್ಕದವರ ದಾರಕ್ಕೆ ದಾರ ಸಿಕ್ಕಿಸಿಕೊಳ್ಳುವುದೇ ಹೆಚ್ಚು. ಅಂಥ ದೋಣಿಗಳು ಹೆಚ್ಚಾಗಿ ಬೇರೆ ಮೀನುಗಳ ಬೆನ್ನು ಹತ್ತುತ್ತವೆ. ಇನ್ನೊಂದು ನಿಮಗೆ ಬೇಕಾದ ಚಾರ್ಟರ್. ಇಡೀ ದೋಣಿ ನಿಮ್ಮದು. ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಸಾಮಾನ್ಯ ಪರವಾನಗಿಯಲ್ಲಿ ಕ್ಯಾಪ್ಟನ್ ಆರು ಜನರವರೆಗೆ ಬಾಡಿಗೆಗೆ ಕರೆದೊಯ್ಯಬಹುದು. ನಾಲ್ವರಿಗೆ ಅದು ಹದವಾದ ಅಳತೆ. ಬಾಡಿಗೆ ಇಡೀ ದೋಣಿಗೆ. ಹಲವು ನೂರು ಡಾಲರ್ ಆಗುತ್ತದೆ. ಅದರ ಮೇಲೆ ಶೇಕಡ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಇಲ್ಲಿನ ರೂಢಿ. ಅದನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ. ಗಾಳ, ರೀಲು, ಎರೆ ಎಲ್ಲವೂ ದೋಣಿಯದೇ. ಸಮುದ್ರ ಮೀನುಗಾರಿಕೆಗೆ ಬೇಕಾದ ರಾಜ್ಯದ ಅನುಮತಿ ದೋಣಿಯ ಹೆಸರಿನಲ್ಲಿರುವುದರಿಂದ ನೀವು ಬೇರೆ ಮಾಡಿಸಬೇಕಾಗಿಲ್ಲ.

ಫೋನ್ ಮಾಡಿದಾಗ ‘ಎಷ್ಟು ಮೀನು ಸಿಗುತ್ತದೆ’ ಎಂದು ಕೇಳಬೇಡಿ. ‘ಆ ದಿನ ಬೆಳಗ್ಗೆ ನೀರು ಏರುತ್ತಿರುತ್ತದೆಯೇ, ಇಳಿಯುತ್ತಿರುತ್ತದೆಯೇ, ಅದಕ್ಕೆ ತಕ್ಕಂತೆ ಎಲ್ಲಿಗೆ ಹೋಗುತ್ತೀರಿ’ ಎಂದು ಕೇಳಿ. ಒಳ್ಳೆಯ ಕ್ಯಾಪ್ಟನ್ ಈ ಪ್ರಶ್ನೆಗೆ ಹಿಗ್ಗುತ್ತಾನೆ, ಹತ್ತು ನಿಮಿಷ ಮಾತನಾಡುತ್ತಾನೆ. ಎರೆ ಯಾವುದು, ಜೀವಂತವೋ ಅಲ್ಲವೋ ಎಂದು ಕೇಳಿ. ದೋಣಿಯಲ್ಲಿ ಶೌಚಾಲಯ ಉಂಟೇ, ಮಗನ ಅಳತೆಯ ಲೈಫ್ ಜಾಕೆಟ್ ಉಂಟೇ ಎಂದು ಕೇಳಲು ಸಂಕೋಚ ಬೇಡ. ಗಾಳಿ ಕೆಟ್ಟರೆ ಮುಂಗಡ ಹಣದ ಗತಿಯೇನು ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಿ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಪೂರ್ವದ ಗಾಳಿ ಬೀಸುತ್ತಿದ್ದ ದಿನ, ಕಟ್ಟಿದ ಹಣ ಹೋಗುತ್ತದಲ್ಲ ಎಂದು ಹಟ ಹಿಡಿದು ಹೊರಟೆ. ಪೂರ್ವದಿಂದ ಬರುವ ಗಾಳಿಗೆ ಇಲ್ಲಿ ತಡೆಯೇ ಇಲ್ಲ, ಇಡೀ ಅಟ್ಲಾಂಟಿಕ್ ಬೆನ್ನಿಗಿರುತ್ತದೆ. ನನ್ನ ಜೊತೆಗಿದ್ದ ಇಬ್ಬರು ಮತ್ತೆಂದೂ ದೋಣಿ ಹತ್ತಲಿಲ್ಲ. ಆ ದಿನದ ತಪ್ಪು ಕ್ಯಾಪ್ಟನ್‌ನದಲ್ಲ, ನನ್ನದು. ಕ್ಯಾಪ್ಟನ್ ಬೇಡ ಎಂದರೆ ಬೇಡ. ಇದನ್ನೂ ನಿಮ್ಮ ತಂದೆಗೆ ವಿವರಿಸಬೇಕಾಗಿಲ್ಲ.

ಬಂದರಿನ ಮೊದಲ ಕೆಲಸ ಸಾಮಾನ್ಯವಾಗಿ ಎರೆ ಹಿಡಿಯುವುದು, ಮತ್ತು ಆ ಎರೆ ಬಂಗುಡೆ. ನಮ್ಮ ಬಂಗುಡೆಯಲ್ಲ, ಅದರ ಅಟ್ಲಾಂಟಿಕ್ ದಾಯಾದಿ. ಮೈ ಇನ್ನಷ್ಟು ತೆಳು, ಬೆನ್ನ ಮೇಲೆ ಹುಲಿಯಂಥ ಪಟ್ಟೆ. ಗ್ರೇವ್ಸ್ ದೀಪಸ್ತಂಭದ ಆಚೆ ಒಂದು ದಾರಕ್ಕೆ ಐದಾರು ಸಣ್ಣ ಗರಿಗಾಳ ಕಟ್ಟಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದರೆ ಒಮ್ಮೆಗೆ ಮೂರು ನಾಲ್ಕು ಏರುತ್ತವೆ. ಮಗನಿಗೆ ಇಡೀ ದಿನದ ಖುಷಿ ಇದೇ ಆಗಬಹುದು, ಅವನ ಕೈಗೆ ಕೊಡಿ. ಹಿಡಿದದ್ದನ್ನು ನೀರು ಸುತ್ತುತ್ತಿರುವ ತೊಟ್ಟಿಗೆ ಬಿಡುತ್ತಾರೆ. ಆಮೇಲೆ ಒಂದೊಂದನ್ನೇ ಮೂಗಿಗೆ ಗಾಳ ಪೋಣಿಸಿ, ಬಂಡೆಯ ಬಳಿ ಜೀವಂತ ಈಜಲು ಬಿಡುತ್ತಾರೆ. ಬಂಗುಡೆ ಸಿಗದ ದಿನ ಮೆನ್‌ಹೇಡನ್ ಎಂಬ ಎಣ್ಣೆಮೀನು. ಬೂತಾಯಿಯ ಬಳಗದ್ದು, ನೀರಿನ ಮೇಲೆ ಮಳೆಹನಿ ಬಿದ್ದಂತೆ ಹಿಂಡು ಕದಲುವುದೂ ಹಾಗೆಯೇ.

ಕೆಲವು ವರ್ಷಗಳ ಹಿಂದೆ ಗಂಗೊಳ್ಳಿಯಿಂದ ಬಂದಿದ್ದ ನನ್ನ ಸೋದರಮಾವನನ್ನು ಹೀಗೆಯೇ ಕರೆದುಕೊಂಡು ಹೋಗಿದ್ದೆ. ಬಂಗುಡೆ ಕೊಟ್ಟು ಮೀನು ಹಿಡಿಯುವುದೇ ಎಂದು ಅವರು ತೊಟ್ಟಿಯನ್ನೇ ನೋಡುತ್ತಾ ನಿಂತರು. ಕೋಲು ಕೈಗೆ ಬಂದ ಮೇಲೆ ಒಂದು ಕೆಲಸ ಮಾಡಿದರು, ಕ್ಯಾಪ್ಟನ್ ಕೂಡ ಗಮನಿಸಿದ. ರೀಲಿನಿಂದ ಹೊರಡುವ ದಾರವನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಗುರವಾಗಿ ಹಿಡಿದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ‘ಬಂಗುಡೆಗೆ ಹೆದರಿಕೆ ಹತ್ತಿತು’ ಎಂದರು. ನಿಜ. ಸ್ಟ್ರೈಪರ್ ಹತ್ತಿರ ಬಂದರೆ ಎರೆಯ ಬಾಲದ ಬಡಿತ ಚುರುಕಾಗುತ್ತದೆ, ದಾರದಲ್ಲಿ ನಾಡಿ ಬಡಿದಂತೆ ತಿಳಿಯುತ್ತದೆ. ಮರುಕ್ಷಣ ದಾರ ಸರಸರನೆ ಓಡಿತು. ಅವರು ಜೀವಮಾನದ ಅಭ್ಯಾಸದಂತೆ ಜಗ್ಗಿದರು. ಮೀನು ಹೋಯಿತು. ಎರಡನೆಯದೂ ಹೋಯಿತು, ಮೂರನೆಯದೂ.

ಜಗ್ಗಬಾರದು. ಇಲ್ಲಿ ಸ್ಟ್ರೈಪರ್‌ಗೆ ಎರೆ ಹಾಕುವಾಗ ಸರ್ಕಲ್ ಗಾಳವನ್ನೇ ಬಳಸಬೇಕೆಂಬುದು ಕಾನೂನು. ಅದರ ಮೊನೆ ಹೊರಗೆ ಚಾಚಿರುವುದಿಲ್ಲ, ಬೆಕ್ಕಿನ ಉಗುರಿನ ಹಾಗೆ ಒಳಗೆ ಬಾಗಿರುತ್ತದೆ. ಮೀನು ಎರೆ ನುಂಗಿ ತಿರುಗಿ ಓಡುವಾಗ ಗಾಳ ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ತಾನಾಗಿ ಕಚ್ಚಿಕೊಳ್ಳುತ್ತದೆ. ಜಗ್ಗಿದರೆ ಬಾಯಿಯಿಂದ ನೇರ ಹೊರಕ್ಕೆ ಬಂದುಬಿಡುತ್ತದೆ. ಗಾಳ ಹೊಟ್ಟೆಗೆ ಇಳಿಯದಿರುವುದರಿಂದ ಬಿಟ್ಟ ಮೀನು ಬದುಕುತ್ತದೆ, ಅದಕ್ಕಾಗಿಯೇ ಈ ನಿಯಮ. ನಾಲ್ಕನೆಯ ಸಲ ಮಾವ ದಾರ ಓಡಲು ಬಿಟ್ಟರು. ಕ್ಯಾಪ್ಟನ್ ಬೆರಳು ಮಡಿಸಿ ಒಂದು, ಎರಡು, ಮೂರು ಎಂದು ಎಣಿಸಿ ತೋರಿಸಿದ. ಇಬ್ಬರಿಗೂ ಒಂದು ಪದದ ಸಮಾನ ಭಾಷೆಯಿರಲಿಲ್ಲ. ರೀಲು ಬಿಗಿದರು, ಕೋಲನ್ನು ಎತ್ತದೆ ಹಾಗೆಯೇ ಹಿಡಿದರು. ಕೋಲು ತಾನಾಗಿಯೇ ಬಾಗಿತು, ಬಾಗಿಯೇ ಉಳಿಯಿತು. ಬಲೆಯಲ್ಲಿ ಸಾವಿರಾರು ಮೀನಿನ ಭಾರ ಎಳೆದ ಆ ತೋಳುಗಳು ಒಂದೇ ಮೀನಿನ ಭಾರಕ್ಕೆ ನಡುಗಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ.

ದೋಣಿಗೆ ಬಂದದ್ದು 34 ಇಂಚು. ಬಿಡಬೇಕು. ಕೊಕ್ಕೆ ಹಾಕಿ ಎತ್ತುವಂತಿಲ್ಲ, ಮ್ಯಾಸಚೂಸೆಟ್ಸ್‌ನಲ್ಲಿ ಸ್ಟ್ರೈಪರ್‌ಗೆ ಅದು ನಿಷಿದ್ಧ. ಕ್ಯಾಪ್ಟನ್ ರಬ್ಬರ್ ಬಲೆಯಲ್ಲಿ ಎತ್ತಿ, ಒದ್ದೆ ಕೈಯಲ್ಲಿ ಗಾಳ ಬಿಡಿಸಿ, ಮೀನಿನ ಕೆಳದವಡೆಯನ್ನು ಮಾವನ ಹೆಬ್ಬೆರಳಿಗೆ ಕೊಟ್ಟ. ಸ್ಟ್ರೈಪರ್‌ಗೆ ಕಚ್ಚುವ ಹಲ್ಲಿಲ್ಲ. ಒಳಗೆ ಮರಳು ಕಾಗದದಂಥ ಒರಟು, ಅಷ್ಟೇ. ಮಾವ ಅಂಚಿನಲ್ಲಿ ಮಂಡಿಯೂರಿ ಮೀನನ್ನು ನೀರಿನಲ್ಲಿ ಹಿಡಿದರು. ಸ್ವಲ್ಪ ಹೊತ್ತು ಅದು ಸುಮ್ಮನಿತ್ತು, ಕಿವಿರು ಮಾತ್ರ ತೆರೆದು ಮುಚ್ಚುತ್ತಿತ್ತು. ಆಮೇಲೆ ಬೆರಳನ್ನು ಒಮ್ಮೆ ಗಟ್ಟಿಯಾಗಿ ಅದುಮಿ, ಬಾಲ ಬೀಸಿ, ಅವರ ಮುಖಕ್ಕೆ ನೀರೆರಚಿ ಹೋಯಿತು. ದಡಕ್ಕೆ ಬರುವವರೆಗೂ ಅವರು ಮಾತನಾಡಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಎಷ್ಟು ವಯಸ್ಸಾಗಿರಬಹುದು ಎಂದು. ಹತ್ತು ವರ್ಷದ ಆಸುಪಾಸು ಎಂದೆ. ಮನೆ ಮುಟ್ಟುವವರೆಗೂ ಹೆಬ್ಬೆರಳಿನ ತರಚನ್ನು ನೋಡಿಕೊಳ್ಳುತ್ತಿದ್ದರು.

ಬ್ಲೂಫಿಶ್ ವಿಷಯದಲ್ಲಿ ಈ ಹೆಬ್ಬೆರಳಿನ ಆಟ ನಡೆಯದು. ಮಗನಿಗೆ ಇದನ್ನು ಮನೆಯಿಂದಲೇ ಹೇಳಿಕೊಂಡು ಬನ್ನಿ. ಅದರ ಹಲ್ಲು ಬ್ಲೇಡಿನಂತೆ, ನೀರಿನಿಂದ ಹೊರಗೂ ನಿಮ್ಮ ಬೆರಳನ್ನು ಕಣ್ಣಿಟ್ಟು ನೋಡಿ ಕಚ್ಚುತ್ತದೆ. ದಾರದ ತುದಿಗೆ ಉಕ್ಕಿನ ತಂತಿ ಕಟ್ಟುವುದು ಇದಕ್ಕಾಗಿಯೇ. ಗಾಳ ಬಿಡಿಸುವುದು ಇಕ್ಕಳದಿಂದ ಮಾತ್ರ, ಆ ಕೆಲಸ ದೋಣಿಯವರಿಗೇ ಬಿಡಿ. ಆದರೆ ಬ್ಲೂಫಿಶ್ ಹಿಂಡು ಮೇಲೆದ್ದ ದೃಶ್ಯವನ್ನು ನಿಮ್ಮ ಮಗ ಮರೆಯಲಾರ. ಮೊದಲು ಹಕ್ಕಿಗಳು ಒಂದೆಡೆ ಸುತ್ತುತ್ತವೆ. ಆಮೇಲೆ ನೀರು ಕುದಿಯತೊಡಗುತ್ತದೆ. ಸಣ್ಣ ಮೀನುಗಳು ಪ್ರಾಣಭಯದಿಂದ ಗಾಳಿಗೆ ಹಾರುತ್ತವೆ, ನೀರಿನ ಮೇಲೆ ಎಣ್ಣೆಯ ಪಸೆ ಹರಡುತ್ತದೆ, ಹತ್ತಿರ ಹೋದರೆ ಮೂಗಿಗೆ ಕತ್ತರಿಸಿದ ಕಲ್ಲಂಗಡಿಯ ವಾಸನೆ ಬರುತ್ತದೆ. ಇಲ್ಲಿನ ಹಳೆಯ ಮೀನುಗಾರರು ಆ ವಾಸನೆಯಿಂದಲೇ ಹಿಂಡು ಹುಡುಕುತ್ತಾರೆ. ನಾನೂ ನಾಲ್ಕೈದು ಸಲ ಹಾಗೆ ಕಂಡುಹಿಡಿದಿದ್ದೇನೆ.

ಈಗ ಆ ಒಂದೇ ಮೀನಿನ ನಿಯಮಕ್ಕೆ ಬರುತ್ತೇನೆ. 1639ರಲ್ಲಿಯೇ ಮ್ಯಾಸಚೂಸೆಟ್ಸ್ ಬೇ ವಸಾಹತಿನ ಸಭೆ, ಬಾಸ್ ಮತ್ತು ಕಾಡ್ ಮೀನನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಾರದು ಎಂದು ಆಜ್ಞೆ ಹೊರಡಿಸಿತ್ತು. ಬೂತಾಯಿ ರಾಶಿ ಬಿದ್ದ ವರ್ಷ ತೆಂಗಿನ ಬುಡಕ್ಕೆ ಸುರಿದದ್ದನ್ನು ಕಂಡ ನಿಮ್ಮ ತಂದೆಗೆ ಆ ಆಜ್ಞೆಯ ಹಿಂದೆ ಎಷ್ಟು ಮೀನಿದ್ದಿರಬೇಕು ಎಂಬುದು ಹೊಳೆಯುತ್ತದೆ. 1970ರ ದಶಕದ ಕೊನೆಯಿಂದ ಸ್ಟ್ರೈಪರ್ ಕುಸಿಯಿತು. 1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಕಾಯ್ದೆ ಮಾಡಿತು, ಮರುವರ್ಷ ಮೇರಿಲ್ಯಾಂಡ್ ರಾಜ್ಯ ಹಿಡಿಯುವುದನ್ನೇ ಪೂರ್ತಿ ನಿಲ್ಲಿಸಿ ಐದು ವರ್ಷ ಕಾಯಿತು. 1995ರ ಹೊತ್ತಿಗೆ ಮೀನು ಚೇತರಿಸಿಕೊಂಡಿತೆಂದು ಘೋಷಿಸಿದರು. ಮುಂದಿನ ಒಂದು ತಲೆಮಾರು ನೆಮ್ಮದಿಯಿಂದ ಹಿಡಿಯಿತು. 2019ರಲ್ಲಿ ಮತ್ತೆ ಅಪಾಯದ ಗೆರೆಯ ಕೆಳಗೆ ಇಳಿದಿದೆ ಎಂದು ತಿಳಿಯಿತು. ಅದೇ ವರ್ಷದಿಂದ ಚೆಸಪೀಕ್‌ನಲ್ಲಿ ಮರಿಗಳ ಎಣಿಕೆ ಒಂದರ ಮೇಲೊಂದು ವರ್ಷ ಕಡಿಮೆ ಬರುತ್ತಿದೆ. 2029ರೊಳಗೆ ಮತ್ತೆ ತುಂಬಿಸಬೇಕೆಂಬ ಗುರಿಯಿಂದ ಮೇಲಿನ ಅಳತೆಯನ್ನು 35 ಇಂಚಿನಿಂದ 31ಕ್ಕೆ ಇಳಿಸಿದರು.

ಹೆಣ್ಣು ಸ್ಟ್ರೈಪರ್ ಮೊಟ್ಟೆಯಿಡಲು ಆರೇಳು ವರ್ಷ ಬೇಕು. ಆಮೇಲೆ ಮೈ ಬೆಳೆದಂತೆ ಮೊಟ್ಟೆಯೂ ಹೆಚ್ಚುತ್ತದೆ. ದೊಡ್ಡದೊಂದು ಹೆಣ್ಣು ಒಂದು ವಸಂತದಲ್ಲಿ ಲಕ್ಷಗಳಲ್ಲಲ್ಲ, ದಶಲಕ್ಷಗಳಲ್ಲಿ ಮೊಟ್ಟೆಯಿಡುತ್ತದೆ. ದೊಡ್ಡ ಸ್ಟ್ರೈಪರ್‌ಗಳೆಲ್ಲ ಹೆಚ್ಚು ಕಡಿಮೆ ಹೆಣ್ಣುಗಳೇ. ಆದ್ದರಿಂದಲೇ ದೊಡ್ಡದನ್ನು ಬಿಡುವುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಬಂದರಿನಲ್ಲಿ ಕಟ್ಟಿಕೊಂಡು ನಿಲ್ಲುವುದರ ಹಿಂದೆ ಇರುವ ಲೆಕ್ಕವೂ ಇದೇ ಜಾತಿಯದು, ಬಸಿರಿಗೆ ಬಿಡುವು ಕೊಡುವುದು. ನಿಮ್ಮ ತಂದೆ ಬದುಕಿಡೀ ಆ ರಜೆ ಪಾಲಿಸಿದವರು. ಅವರಿಗೆ ಹೀಗೆ ಹೇಳಿ, ಸಾಕು.

ಬಿಟ್ಟರೆ ಮುಗಿಯಿತು ಎಂದೂ ಅಲ್ಲ. ಬಿಟ್ಟ ಪ್ರತಿ 100 ಸ್ಟ್ರೈಪರ್‌ಗಳಲ್ಲಿ 9 ಸಾಯುತ್ತವೆ ಎಂದು ಇಲ್ಲಿನ ವಿಜ್ಞಾನಿಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ಮೇಲೆ ಎತ್ತಿ ಹತ್ತು ಫೋಟೋ ತೆಗೆಯುವುದು, ಬಿಸಿಯಾದ ಹಲಗೆಯ ಮೇಲೆ ಹೊರಳಾಡಿಸುವುದು, ದವಡೆಯಿಂದ ನೇತುಹಾಕಿ ತೂಗುವುದು, ಇವೆಲ್ಲ ಆ ಒಂಬತ್ತನ್ನು ಹೆಚ್ಚಿಸುತ್ತವೆ. ಬಿಡಬೇಕಾದ ಮೀನನ್ನು ಆದಷ್ಟು ನೀರಿನಲ್ಲೇ ಇರಿಸಿ. ಫೋಟೋ ಬೇಕೆಂದರೆ ಮೊದಲೇ ಕ್ಯಾಮೆರಾ ಸಿದ್ಧವಿರಲಿ, ಒಂದು ಕೈ ಹೊಟ್ಟೆಯ ಕೆಳಗಿಟ್ಟು ಅಡ್ಡವಾಗಿ ಹಿಡಿಯಿರಿ, ಒಂದೇ ಉಸಿರಿನಲ್ಲಿ ಮುಗಿಸಿ. ನಿಮಗೆ ಬೇಕಾದ ಮೀನು ಸಿಕ್ಕಿದ ಮೇಲೆ ಬರೀ ಆಟಕ್ಕೆಂದು ಇಪ್ಪತ್ತು ಸ್ಟ್ರೈಪರ್ ಹಿಡಿದು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಆಗ ಬ್ಲೂಫಿಶ್ ಹುಡುಕಲು ಹೇಳಿ. ಅದಕ್ಕೂ ತಲೆಗಿಷ್ಟು ಎಂಬ ಮಿತಿಯಿದೆ. ಈ ಅಂಕಿ ಆಗಾಗ ಬದಲಾಗುವುದರಿಂದ ಆ ವರ್ಷದ್ದನ್ನು ಕ್ಯಾಪ್ಟನ್‌ನಿಂದಲೇ ತಿಳಿಯಿರಿ.

‘ಇಷ್ಟು ದೊಡ್ಡ ಊರಿನ ಕೊಳಚೆ ಎಲ್ಲಿಗೆ ಹೋಗುತ್ತದೆ?’ ಎಂದು ತಂದೆ ಕೇಳಿಯೇ ಕೇಳುತ್ತಾರೆ. ದೋಣಿ ಹೊರಗೆ ಸಾಗುವಾಗ ಎಡಕ್ಕೆ ಡೀರ್ ಐಲ್ಯಾಂಡ್ ಕಾಣುತ್ತದೆ, ಅದರ ಮೇಲೆ ಹನ್ನೆರಡು ದೈತ್ಯ ಮೊಟ್ಟೆಗಳ ಆಕಾರದ ಕಟ್ಟಡಗಳು. ಅವನ್ನು ತೋರಿಸಿ. ಹಿಂದೆ ಈ ಬಂದರು ದೇಶದಲ್ಲಿಯೇ ಹೊಲಸು ಎಂದು ಹೆಸರಾಗಿತ್ತು. 1980ರ ದಶಕದಲ್ಲಿ ಮೊಕದ್ದಮೆ ನಡೆದು ನ್ಯಾಯಾಲಯವೇ ಬೆನ್ನು ಹತ್ತಿತು. 1991ರ ಕೊನೆಗೆ ಬಂದರಿಗೆ ಕೆಸರು ಬಿಡುವುದು ನಿಂತಿತು. 2000ದಿಂದ ಶುದ್ಧೀಕರಿಸಿದ ನೀರು ಕಡಲ ತಳದ ಸುರಂಗದಲ್ಲಿ ಒಂಬತ್ತೂವರೆ ಮೈಲಿ ದೂರ ಹೋಗಿ ಕೊಲ್ಲಿ ಸೇರುತ್ತದೆ. ವಿಮಾನ ನಿಲ್ದಾಣದ ಓಡುದಾರಿಯ ಪಕ್ಕ, ತಲೆಯ ಮೇಲೆ ವಿಮಾನ ಇಳಿಯುತ್ತಿರುವಾಗ, ಗಗನಚುಂಬಿಗಳ ನೆರಳಲ್ಲಿ ಸ್ಟ್ರೈಪರ್ ಸಿಗುವುದು ಆ ಕೆಲಸದ ಫಲ.

ಅಡುಗೆಯ ಮಾತಿಗೆ ಬಂದರೆ, ಹಿಡಿದ ಬ್ಲೂಫಿಶ್‌ಗೆ ಆ ಕ್ಷಣವೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿಗೆ ಹಾಕಬೇಕು. ಒಂದು ಗಂಟೆ ಹಾಗೆಯೇ ಬಿಸಿಲಿಗೆ ಬಿಟ್ಟರೆ ಮೀನು ಕೆಟ್ಟ ಹಾಗೆಯೇ. ಬ್ಲೂಫಿಶ್‌ಗೆ ವಾಸನೆ ಎಂದು ಮೂಗು ಮುರಿಯುವ ಬಹಳ ಜನ ತಿಂದಿರುವುದು ಅಂಥ ಮೀನನ್ನೇ. ತಾಜಾ ಬ್ಲೂಫಿಶ್ ಬಂಗುಡೆ ತಿಂದು ಬೆಳೆದ ನಾಲಿಗೆಗೆ ಹೇಳಿ ಮಾಡಿಸಿದ್ದು. ಎಣ್ಣೆಯುಕ್ತ, ಗಾಢ ಬಣ್ಣ, ಘಾಟು ರುಚಿ. ಹುಣಸೆ, ಕಾರದ ಮೆಣಸು, ಕೊತ್ತಂಬರಿ ಹುರಿದು ಅರೆದು ಪುಳಿಮುಂಚಿ ಮಾಡಿ. ಹುಳಿ ಮುಂದಿರಲಿ. ಚರ್ಮದ ಕೆಳಗಿನ ಕಪ್ಪು ಮಾಂಸದ ಪಟ್ಟಿಯನ್ನು ಕೆತ್ತಿ ತೆಗೆಯಿರಿ. ಸ್ಟ್ರೈಪರ್ ಬಿಳಿ ಮಾಂಸದ, ದೊಡ್ಡ ಪದರಗಳ ಮೆದುವಾದ ಮೀನು. ಅದಕ್ಕೆ ತೆಂಗಿನ ಹಾಲು ಹೊಂದುತ್ತದೆ. ಒಂದು ಎಚ್ಚರ. ದಡದಲ್ಲಿ ದೋಣಿಯವರು ಮೀನು ಹಸನು ಮಾಡಿಕೊಡುವಾಗ ಎರಡು ಪಕ್ಕೆಯ ಮಾಂಸ ಮಾತ್ರ ತೆಗೆದು ತಲೆ, ಮುಳ್ಳನ್ನು ಎಸೆದುಬಿಡುತ್ತಾರೆ. ತಲೆಯೂ ಬೇಕು ಎಂದು ಮೊದಲೇ ಹೇಳಿ. ಮಾವನ ದಿನ ನಾನು ಮರೆತಿದ್ದೆ. ಸ್ಟ್ರೈಪರ್ ತಲೆ ಸಮುದ್ರಕಾಗೆಗಳ ಪಾಲಾದದ್ದನ್ನು ಅವರು ಊರಿಗೆ ಹೋದ ಮೇಲೂ ಫೋನಿನಲ್ಲಿ ಎತ್ತಿ ಆಡಿದರು.

ಆರೋಗ್ಯದ ಒಂದು ಮಾತನ್ನು ಮರೆಯುವಂತಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು 12 ವರ್ಷದೊಳಗಿನ ಮಕ್ಕಳು ಈ ತೀರದ ಬ್ಲೂಫಿಶ್ ತಿನ್ನಬಾರದು ಎಂದು ಮ್ಯಾಸಚೂಸೆಟ್ಸ್ ಆರೋಗ್ಯ ಇಲಾಖೆ ಸಲಹೆ ಕೊಟ್ಟಿದೆ. ಪಾದರಸ ಮತ್ತು ಹಳೆಯ ಕೈಗಾರಿಕಾ ರಾಸಾಯನಿಕಗಳು ಅದರ ಕೊಬ್ಬಿನಲ್ಲಿ, ಮಾಂಸದಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಪುಳಿಮುಂಚಿ ದೊಡ್ಡವರಿಗೆ. ಮಗನಿಗೆ ಬೇರೆ ಏನಾದರೂ ಮಾಡಿ.

ಜುಲೈ ಎಂದು ತೆಳು ಅಂಗಿಯಲ್ಲಿ ಹೊರಡಬೇಡಿ. ನಸುಕಿನ ನೀರಿನ ಮೇಲೆ ಸ್ವೆಟರ್ ಬೇಕೇ ಬೇಕು. ತಲೆಸುತ್ತು ಬರುವವರು ಮಾತ್ರೆಯನ್ನು ಹಿಂದಿನ ರಾತ್ರಿಯೇ ನುಂಗಿ, ಹತ್ತಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಬುತ್ತಿಯಲ್ಲಿ ಬಾಳೆಹಣ್ಣು ಇಡಬೇಡಿ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಎಂಬ ನಂಬಿಕೆ ಇಲ್ಲಿನ ಕ್ಯಾಪ್ಟನ್‌ಗಳಲ್ಲಿ ಬಲವಾಗಿದೆ. ಶ್ರಾವಣದ ಸಮುದ್ರಪೂಜೆಯಲ್ಲಿ ಹಾಲು, ಹೂವು, ಹಣ್ಣುಕಾಯಿಯಿಂದ ಕಡಲನ್ನು ಒಲಿಸಿಕೊಳ್ಳುವ ನಾಡಿನವರಿಗೆ ಇದು ವಿಚಿತ್ರ ಎನಿಸಬಹುದು. ಆದರೂ ಅವರ ದೋಣಿ, ಅವರ ನಂಬಿಕೆ. ಗೌರವಿಸಿ.

ದಿನವನ್ನು ತಂದೆಯವರೇ ಆರಿಸಲಿ. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿದರೆ ಸಾಕು. ಬಾಸ್ಟನ್ನಿನಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸು ಬೆಳಗ್ಗೆ ಆರರ ಸುಮಾರಿಗೆ ನೀರು ಪೂರ್ತಿ ಇಳಿದು, ಅಲ್ಲಿಂದ ಮಧ್ಯಾಹ್ನದವರೆಗೆ ಏರುತ್ತದೆ. ಓಟವೂ ಆಗಲೇ ಜೋರು. ಅಷ್ಟಮಿಯ ಹೊತ್ತಿಗೆ ಇದು ತಲೆಕೆಳಗಾಗಿ, ನಸುಕಿಗೆ ತುಂಬಿರುವ ನೀರು ಮಧ್ಯಾಹ್ನದವರೆಗೆ ಇಳಿಯುತ್ತದೆ, ಓಟ ಮಂದ. ಮೊದಲ ಸಲಕ್ಕೆ, ಮಗನೂ ಇರುವುದರಿಂದ, ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಮೂರು ನಾಲ್ಕನೆಯ ದಿನ ನನಗೆ ಇಷ್ಟ. ಅವರು ಬೇರೆ ದಿನ ಹೇಳಿದರೆ ಅವರ ಮಾತೇ ನಡೆಯಲಿ. ಆ ತಾರೀಖು ಹಿಡಿದು ಕ್ಯಾಪ್ಟನ್‌ಗೆ ಫೋನ್ ಮಾಡಿ. ಜುಲೈಯ ಶನಿವಾರ-ಭಾನುವಾರಗಳು ಬೇಗ ತುಂಬಿಹೋಗುತ್ತವೆ, ವಾರದ ನಡುವಿನ ದಿನ ರಜೆ ಹಾಕಿಕೊಳ್ಳಿ.